ನಾಯಿಗೆ ‘ಛೂ’ ಎಂದರೆ ಸಾಕೆ?



ಕೊಳೆರೋಗ, ಕಾಂಡಕೊರಕ, ಗೊಬ್ಬರ, ಧಾರಣೆ ಇವುಗಳ ಮಾತು ಮುಗಿಯುವ ಹಾಗಿಲ್ಲ. ಅವುಗಳ ನಡುವೆ ನಾಯಿಯ ಮಾತನ್ನು ಎತ್ತುವುದು ಕೆಲವರಿಗೆ ವಿನೋದವೆನಿಸಬಹುದು. ಆದರೆ ನಾಯಿಯಿಲ್ಲದ ತೋಟದ ಮನೆ ನಮ್ಮ ಸೀಮೆಯಲ್ಲಿ ಎಷ್ಟಿದೆ? ಎರಡು ಎಕರೆ ಅಡಿಕೆಯವನಿಗೂ ಒಂದು ನಾಯಿ ಬೇಕು, ಹತ್ತು ಎಕರೆ ಕಾಫಿಯವನಿಗೆ ಮೂರಾದರೂ ಬೇಕು. ಮಂಗ ಓಡಿಸಲು, ಹಂದಿ ಬಂದರೆ ತಿಳಿಸಲು, ಅಂಗಳದಲ್ಲಿ ಹರವಿದ ಮಾಲನ್ನು ಕಾಯಲು ಅದೇ ನಮ್ಮ ಸಂಬಳವಿಲ್ಲದ ಆಳು. ಆಳನ್ನು ಕೆಲಸಕ್ಕೆ ಹಚ್ಚುವ ಮೊದಲು ಕೆಲಸ ಕಲಿಸುತ್ತೇವೆ. ಗಿಡದ ಚಿಗುರು ತೆಗೆಯುವುದನ್ನೂ ಹಣ್ಣು ಕುಯ್ಯುವುದನ್ನೂ ಕೈಹಿಡಿದು ತೋರಿಸುತ್ತೇವೆ. ನಾಯಿಗೆ ಮಾತ್ರ ಏನನ್ನೂ ಕಲಿಸುವುದಿಲ್ಲ.

ಸರಿಯಾಗಿ ಲೆಕ್ಕ ಹಾಕಿದರೆ ನಮ್ಮ ನಾಯಿಗಳಿಗೆ ನಾವು ಕಲಿಸಿದ ಮಾತು ಎರಡೇ. ಒಂದು ‘ಛೂ’, ಇನ್ನೊಂದು ‘ಹಚಾ’. ಮುನ್ನುಗ್ಗು ಎಂಬುದಕ್ಕೊಂದು, ತೊಲಗು ಎಂಬುದಕ್ಕೊಂದು. ‘ಬಾ’ ಎಂದರೆ ಬರುವ, ‘ಬಿಡು’ ಎಂದರೆ ಬಾಯಲ್ಲಿದ್ದುದನ್ನು ಬಿಡುವ, ಮನೆಯ ಅಂಗಳವನ್ನು ಹೊಲಸು ಮಾಡದ ನಾಯಿ ಹತ್ತು ಮನೆಗೆ ಒಂದು ಸಿಕ್ಕರೆ ಹೆಚ್ಚು. ಈ ಕಲಿಕೆಯೆಲ್ಲ ಪೇಟೆಯ ಶ್ರೀಮಂತರ ಶೋಕಿ ಎಂಬ ಭಾವನೆ ನಮ್ಮಲ್ಲಿದೆ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧ. ಪೇಟೆಯ ನಾಯಿಗೆ ಕಲಿಸದಿದ್ದರೆ ಮನೆಯ ನೆಲಹಾಸು ಹಾಳಾಗುತ್ತದೆ, ಅಷ್ಟೇ. ನಮ್ಮ ನಾಯಿಗೆ ಕಲಿಸದಿದ್ದರೆ ಮಾಲು ಹಾಳು, ಆಳಿಗೆ ಅಪಾಯ, ಕೊನೆಗೆ ನಾಯಿಗೇ ಸಾವು.

ಅಂಗಳದ ಪ್ರಶ್ನೆ

ಮೊದಲು ಅಂಗಳದ ವಿಷಯ. ಚಾಲಿ ಅಡಿಕೆ 40–45 ದಿನ ಬಿಸಿಲಿನಲ್ಲಿ ಒಣಗಬೇಕು. ಕಾಫಿ ಚೆರಿಯೂ ವಾರಗಟ್ಟಲೆ ಕಣದಲ್ಲಿರುತ್ತದೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಬೆಚ್ಚಗಿರುವ ಜಾಗವೆಂದರೆ ಹಗಲೆಲ್ಲ ಬಿಸಿಲು ಕುಡಿದ ಈ ಕಣವೇ. ನಾಯಿ ಅಲ್ಲೇ ಮಲಗುತ್ತದೆ, ಬೆಳಿಗ್ಗೆ ಎದ್ದು ಅಲ್ಲೇ ಮೂಲೆಯಲ್ಲಿ ಕಾಲೆತ್ತುತ್ತದೆ. ಕಾಫಿಯನ್ನಾದರೂ ಹುರಿದು ಕುದಿಸಿ ಕುಡಿಯುತ್ತಾರೆ. ಅಡಿಕೆ ಹೋಗುವುದು ನೇರವಾಗಿ ಮನುಷ್ಯರ ಬಾಯಿಗೆ. ಗುಣಮಟ್ಟ, ದರ್ಜೆ, ಹೊರದೇಶದ ಕಳಪೆ ಮಾಲಿನ ಹಾವಳಿ ಎಂದು ನಾವು ಸಭೆಗಳಲ್ಲಿ ದೊಡ್ಡ ದನಿಯಲ್ಲಿ ಮಾತನಾಡುತ್ತೇವೆ. ನಮ್ಮದೇ ಅಂಗಳದ ಶುಚಿತ್ವವನ್ನು ಕಾಯಲಾರದವರಿಗೆ ಹಾಗೆ ಮಾತನಾಡುವ ಹಕ್ಕು ಎಷ್ಟರಮಟ್ಟಿಗೆ ಇದೆ?

ಮಾಲಿಗಿಂತ ದೊಡ್ಡದು ಮಕ್ಕಳ ಆರೋಗ್ಯ. ನಾಯಿಮರಿಯ ಹೊಟ್ಟೆಯಲ್ಲಿ ಜಂತುಹುಳು ಇರುವುದು ಸರ್ವೇಸಾಮಾನ್ಯ. ಅದರ ಮೊಟ್ಟೆ ಮಲದ ಮೂಲಕ ಮಣ್ಣಿಗೆ ಸೇರಿ, ಮಣ್ಣಿನಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ನಾಯಿಯ ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದೊಳಗೆ ನುಸುಳಿ, ಹಾವು ಹರಿದಂತೆ ಕೆಂಪು ಗೆರೆಯೆಬ್ಬಿಸಿ ತಡೆಯಲಾರದ ತುರಿಕೆ ಕೊಡುತ್ತದೆ. ಕಣದಲ್ಲಿ ಕಾಲಿನಿಂದ ಕಾಫಿ ತಿರುವುವ ಹೆಣ್ಣಾಳುಗಳು ಬರಿಗಾಲಿನವರು ಎಂಬುದನ್ನು ನೆನಪಿಡಬೇಕು.

ಚಿರತೆ ಮತ್ತು ಸರಪಳಿ

ಇನ್ನು ಎರಡನೆಯದು. ಹೊಲಸು ಮಾಡುವ ನಾಯಿಯನ್ನು ಯಾರೂ ಒಳಗೆ ಸೇರಿಸುವುದಿಲ್ಲ. ಆದ್ದರಿಂದ ಅದು ರಾತ್ರಿ ಹೊರಗೆ. ಬಿಟ್ಟರೆ ಊರು ಸುತ್ತುತ್ತದೆಂದು ಅಂಗಳದ ಕಂಬಕ್ಕೋ ಗೇಟಿನ ಬಳಿಯ ಗೂಟಕ್ಕೋ ಸರಪಳಿ. ಹೀಗೆ ಕಟ್ಟಿದ ನಾಯಿ ಕಾವಲಿನದಲ್ಲ, ಚಿರತೆಗೆ ಇಟ್ಟ ಎಡೆ. ಬಿಟ್ಟ ನಾಯಿಗೆ ಓಡಲು ಒಂದು ಅವಕಾಶವಾದರೂ ಇರುತ್ತದೆ, ಕಟ್ಟಿದ್ದಕ್ಕೆ ಅದೂ ಇಲ್ಲ. ಬೆಳಿಗ್ಗೆ ನೋಡಿದರೆ ಸರಪಳಿ ಮತ್ತು ಕೊರಳಪಟ್ಟಿ ಮಾತ್ರ ಉಳಿದಿರುತ್ತದೆ. ನಮ್ಮ ಸೀಮೆಯಲ್ಲಿ ಈ ಕಥೆ ಕೇಳದ ಊರಿಲ್ಲ. ನಾವು ಚಿರತೆಯನ್ನು ಬೈಯುತ್ತೇವೆ, ಅರಣ್ಯ ಇಲಾಖೆಗೆ ಬೋನು ಇಡಿ ಎಂದು ಅರ್ಜಿ ಕೊಡುತ್ತೇವೆ, ಮುಂದಿನ ವಾರ ಇನ್ನೊಂದು ಮರಿ ತಂದು ಅದೇ ಕಂಬಕ್ಕೆ ಕಟ್ಟುತ್ತೇವೆ. ಒಮ್ಮೆ ಸುಲಭದ ಊಟ ಸಿಕ್ಕ ಅಂಗಳಕ್ಕೆ ಚಿರತೆ ಮತ್ತೆ ಬರದೆ ಇರುತ್ತದೆಯೆ? ಬಂದಾಗ ಬಚ್ಚಲಿಗೆ ಹೊರಟ ಮಗುವೂ ಅಲ್ಲಿರಬಹುದು, ಲೈನುಮನೆಯವರೂ ಇರಬಹುದು.

ಆದ್ದರಿಂದ ಚಿರತೆಯ ಊರಿನಲ್ಲಿ ನಾಯಿ ರಾತ್ರಿ ಬಾಗಿಲ ಒಳಗಿರಬೇಕು. ಮಡಿ ಮೈಲಿಗೆಯ ಮನೆಯವರು ಒಳಗೆ ಎಂದೊಡನೆ ಗಾಬರಿಯಾಗಬೇಕಿಲ್ಲ. ಬಾಗಿಲು ಭದ್ರವಿರುವ ಸೌದೆಮನೆ, ಕೊಟ್ಟಿಗೆಯ ಪಕ್ಕದ ಕೋಣೆ, ಕಟಕಟೆಯಿರುವ ಮುಚ್ಚಿದ ಜಗಲಿ ಯಾವುದಾದರೂ ಆದೀತು. ಅಲ್ಲಿಂದಲೂ ನಾಯಿ ಬೊಗಳುತ್ತದೆ, ನಮ್ಮನ್ನು ಎಬ್ಬಿಸುತ್ತದೆ. ಕಾವಲೆಂದರೆ ಇದೇ; ಕಳ್ಳನೊಡನೆ ಕುಸ್ತಿಯಾಡುವುದಲ್ಲ. ಆದರೆ ಇದು ಸಾಧ್ಯವಾಗಬೇಕಾದರೆ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ತಡೆದುಕೊಳ್ಳುವ ಅಭ್ಯಾಸ ನಾಯಿಗಿರಬೇಕು. ಮಲಮೂತ್ರದ ಶಿಸ್ತು ಮತ್ತು ನಾಯಿಯ ಜೀವ ಇವೆರಡರ ನಂಟು ಇಲ್ಲಿದೆ.

ಮರಿಗೆ ಅಭ್ಯಾಸ ಮಾಡಿಸುವ ಬಗೆ

ಇದಕ್ಕೆ ಯಾವ ತರಬೇತುದಾರನೂ ಬೇಕಿಲ್ಲ. ಬೇಕಾದದ್ದು ಒಂದೆರಡು ತಿಂಗಳ ಹೊತ್ತುಗಾರಿಕೆ. ಮರಿಯನ್ನು ತಾಯಿಯಿಂದ ಎಂಟು ವಾರಕ್ಕೆ ಮೊದಲು ಬಿಡಿಸಬಾರದು. ತಾಯಿಯ ಮತ್ತು ಒಡಹುಟ್ಟಿದವುಗಳ ಜೊತೆಯಲ್ಲೇ ಅದು ಎಷ್ಟು ಕಚ್ಚಿದರೆ ನೋವಾಗುತ್ತದೆಂಬ ಮೊದಲ ಪಾಠ ಕಲಿಯುತ್ತದೆ. ಕಣ್ಣು ಬಿಟ್ಟೊಡನೆ ತಂದು ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿ ಹೆಚ್ಚು ನಿಷ್ಠೆಯದಾಗುತ್ತದೆಂಬುದು ಬರಿಯ ಭ್ರಮೆ.

ಮನೆಗೆ ಬಂದ ದಿನವೇ ಒಂದು ಜಾಗ ಗೊತ್ತುಮಾಡಿ. ಹಿತ್ತಿಲ ಬಾಳೆಬುಡದ ಮೂಲೆ ಆಗಬಹುದು. ಬಾವಿ, ಕಣ, ತರಕಾರಿ ಪಾತಿಗಳಿಂದ ದೂರವಿರಲಿ. ಮರಿ ನಿದ್ದೆಯಿಂದ ಎದ್ದೊಡನೆ, ತಿಂದ ಕಾಲು ಗಂಟೆಯೊಳಗೆ, ಆಟವಾಡಿ ದಣಿದಾಗ, ರಾತ್ರಿ ಮಲಗುವ ಮೊದಲು, ಈ ನಾಲ್ಕು ಹೊತ್ತಿನಲ್ಲಿ ಅದನ್ನು ತಪ್ಪದೆ ಅಲ್ಲಿಗೆ ಒಯ್ಯಬೇಕು. ಮೊದಲ ಕೆಲವು ವಾರ ನಡುರಾತ್ರಿ ಒಮ್ಮೆ ಏಳಬೇಕಾಗುತ್ತದೆ. ಹಗಲಿನಲ್ಲಿ ಎರಡು ತಿಂಗಳ ಮರಿ ಎರಡು ಮೂರು ಗಂಟೆ, ಮೂರು ತಿಂಗಳಿನದು ಮೂರು ನಾಲ್ಕು ಗಂಟೆ ತಡೆದೀತು. ಅದಕ್ಕಿಂತ ಹೆಚ್ಚು ನಿರೀಕ್ಷಿಸಿ ಆಮೇಲೆ ಮರಿಯನ್ನು ದೂಷಿಸುವುದು ನ್ಯಾಯವಲ್ಲ. ಒಯ್ಯುವಾಗ ‘ಹೊರಗೆ’ ಎಂಬ ಒಂದೇ ಮಾತನ್ನು ಮನೆಯವರೆಲ್ಲ ಹೇಳಬೇಕು. ಅಜ್ಜ ಒಂದು, ಮೊಮ್ಮಗ ಒಂದು ಹೇಳಿದರೆ ಕಲಿಯುವುದು ಹೇಗೆ? ಆ ಜಾಗದಲ್ಲಿ ಕೆಲಸ ಮುಗಿಸಿದ ಕೂಡಲೇ ತಲೆ ನೇವರಿಸಿ, ಒಂದು ಚೂರು ದೋಸೆಯೋ ಒಣಮೀನೋ ಕೊಡಿ. ‘ಕೂಡಲೇ’ ಎಂಬುದು ಮುಖ್ಯ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಮನೆಯೊಳಗೆ ಬಂದುದಕ್ಕೆ ಬಹುಮಾನ ಸಿಕ್ಕಿತೆಂದೇ ಅದು ತಿಳಿಯುತ್ತದೆ.

ಊಟಕ್ಕೂ ಹೊತ್ತು ಬೇಕು. ಅಡಿಕೆ ಹಾಳೆಯಲ್ಲಿ ಅನ್ನ ಸುರಿದು ದಿನವಿಡೀ ಇಟ್ಟರೆ ಮರಿ ದಿನವಿಡೀ ತಿನ್ನುತ್ತದೆ, ದಿನವಿಡೀ ಹೋಗುತ್ತದೆ. ಮರಿಗೆ ದಿನಕ್ಕೆ ಮೂರು ಬಾರಿ, ಬೆಳೆದ ಮೇಲೆ ಎರಡು ಬಾರಿ ಹೊತ್ತಿಗೆ ಸರಿಯಾಗಿ ಹಾಕಿ, ಕಾಲು ಗಂಟೆಯಲ್ಲಿ ಉಳಿದುದನ್ನು ತೆಗೆಯಿರಿ. ಒಳಗೆ ಹೋಗುವುದು ಹೊತ್ತಿಗಾದರೆ ಹೊರಗೆ ಬರುವುದೂ ಹೊತ್ತಿಗಾಗುತ್ತದೆ.

ಒಳಗೆ ಹೊಲಸು ಮಾಡಿದರೆ? ನಮ್ಮ ಕಡೆಯ ರೂಢಿ ಮರಿಯ ಮೂತಿಯನ್ನು ಅದಕ್ಕೇ ತಿಕ್ಕಿ ಎರಡು ಬಾರಿಸುವುದು. ಇದರಿಂದ ಮರಿ ಕಲಿಯುವುದು ಒಂದೇ ಪಾಠ: ಮನುಷ್ಯರ ಕಣ್ಣಿಗೆ ಬೀಳುವಂತೆ ಮಾಡಬಾರದು. ಆಮೇಲೆ ಅದು ಅಡಿಕೆ ಮೂಟೆಯ ಹಿಂದೆ, ಮಂಚದ ಕೆಳಗೆ ಹೋಗಿ ಮಾಡುತ್ತದೆ. ಮಾಡುತ್ತಿರುವಾಗಲೇ ಕಂಡರೆ ‘ಹೊರಗೆ’ ಎಂದು ಎತ್ತಿಕೊಂಡು ಹೋಗಿ. ಆಮೇಲೆ ಕಂಡರೆ ಸುಮ್ಮನೆ ತೊಳೆಯಿರಿ. ಅರ್ಧ ಗಂಟೆಯ ಹಿಂದೆ ಮಾಡಿದ್ದಕ್ಕೂ ಈಗ ಬಿದ್ದ ಪೆಟ್ಟಿಗೂ ನಂಟು ಕಟ್ಟುವ ಬುದ್ಧಿ ಅದಕ್ಕಿಲ್ಲ. ವಾಸನೆ ಉಳಿದಲ್ಲಿಗೇ ಮರಿ ಮರಳಿ ಬರುವುದರಿಂದ ನೆಲವನ್ನು ಸಾಬೂನು ನೀರಿನಿಂದ ಚೆನ್ನಾಗಿ ತಿಕ್ಕಿ ತೊಳೆಯಬೇಕು.

ಮಲೆನಾಡಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ, ಮಳೆ. ಆಷಾಢದ ಜಡಿಮಳೆಯಲ್ಲಿ ಮನುಷ್ಯನೇ ಹೊರಗೆ ಹೋಗಲು ಹಿಂಜರಿಯುವಾಗ ಮರಿ ಹೋದೀತೆ? ಹಿತ್ತಿಲ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಸೋಗೆಯ ಮಾಡು ಹಾಕಿ, ಕೆಳಗೆ ದರಗು ಹರಡಿದರೆ ಆಯಿತು. ವಾರಕ್ಕೊಮ್ಮೆ ದರಗನ್ನು ತೆಗೆದು ದೂರದಲ್ಲಿ ಹೂಳಿ ಹೊಸದು ಹಾಕಬೇಕು. ಕಾಫಿ ಸಿಪ್ಪೆಯನ್ನು ಮಾತ್ರ ಹಾಕಬೇಡಿ, ಅದರಲ್ಲಿರುವ ಕೆಫೀನು ನಾಯಿಗೆ ವಿಷ. ಇದಕ್ಕಿಂತ ಜಾಣತನವೆಂದರೆ ಶಿವರಾತ್ರಿಯ ಹೊತ್ತಿಗೆ ಮರಿ ತರುವುದು. ಮಳೆ ಹಿಡಿಯುವಾಗ ಅದಕ್ಕೆ ಐದಾರು ತಿಂಗಳಾಗಿ ಅಭ್ಯಾಸ ಕೂಡಿರುತ್ತದೆ. ಮುಂದಿನ ಕೊಯ್ಲಿಗೆ ಅದು ಕಣ ಕಾಯುವ ನಾಯಿ, ಕಣ ಕೆಡಿಸುವ ನಾಯಿಯಲ್ಲ.

ನಾಲ್ಕು ಮಾತು

ಇನ್ನು ಆಜ್ಞಾಪಾಲನೆ. ಪೊಲೀಸ್ ನಾಯಿಯ ವಿದ್ಯೆ ನಮಗೆ ಬೇಡ. ‘ಬಾ’, ‘ಕೂರು’, ‘ಇರು’, ‘ಬಿಡು’ ಎಂಬ ನಾಲ್ಕು ಮಾತು ಸಾಕು. ಇಂಗ್ಲಿಷಿನಲ್ಲೇ ಹೇಳಬೇಕೆಂದು ಕೆಲವರು ತಿಳಿದಿದ್ದಾರೆ. ನಾಯಿಗೆ ಭಾಷೆಯ ಭೇದವಿಲ್ಲ. ಕನ್ನಡ, ತುಳು, ಕೊಡವ ತಕ್ಕ್, ಕೊಂಕಣಿ ಯಾವುದಾದರೂ ಸರಿ, ದಿನವೂ ಅದೇ ಮಾತಾಗಿರಬೇಕು. ದಿನಕ್ಕೆ ಎರಡು ಬಾರಿ, ಐದು ಹತ್ತು ನಿಮಿಷ, ಊಟಕ್ಕೆ ಮೊದಲು ಹಸಿದಿರುವಾಗ ಕಲಿಸಿ.

‘ಬಾ’ ಎಲ್ಲಕ್ಕಿಂತ ದೊಡ್ಡ ಮಾತು. ಕಾಡಾನೆ ತಿರುಗುವ ತೋಟದಲ್ಲಿ ನಾಯಿ ಆನೆಯನ್ನು ಕೆಣಕಿ, ಅದು ತಿರುಗಿ ಬಿದ್ದಾಗ ಒಡೆಯನ ಕಾಲಬುಡಕ್ಕೇ ಓಡಿಬರುತ್ತದೆ, ಹಿಂದೆಯೇ ಆನೆ. ವಾಸನೆ ಹಿಡಿದು ಹೊರಟ ನಾಯಿಯನ್ನು ಮೊದಲ ಕರೆಗೇ ತಿರುಗಿಸಬಲ್ಲವನು ಬದುಕಿದ. ಹಂದಿಗೆಂದು ಯಾರೋ ಬೇಲಿಸಾಲಿನಲ್ಲಿ ಕದ್ದು ಒಡ್ಡಿದ ಉರುಳು ಕೂಡ ಕರೆಗೆ ಬಾರದ ನಾಯಿಯ ಕೊರಳಿಗೇ ಬೀಳುತ್ತದೆ. ಕಾಡು ಹೊಕ್ಕು ಬಂದ ನಾಯಿ ಮೈತುಂಬ ಉಣುಗು ಹೊತ್ತು ತರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವ ರೋಗವೆಂಬುದು ನಮಗೆ ಗೊತ್ತೇ ಇದೆ. ಆದ್ದರಿಂದ ನಾಯಿಯನ್ನು ಕಾಡಿಗೆ ಹೋಗಗೊಡದಿರುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಕಲಿಸುವ ಬಗೆ ಹೀಗೆ: ಕೊರಳಪಟ್ಟಿಗೆ 20 ಅಡಿ ಉದ್ದದ ಹಗುರ ಹಗ್ಗ ಕಟ್ಟಿ, ಹೆಸರು ಕೂಗಿ ‘ಬಾ’ ಎನ್ನಿ. ಬಾರದಿದ್ದರೆ ಮೆಲ್ಲಗೆ ಹಗ್ಗ ಎಳೆದು ಹತ್ತಿರಕ್ಕೆ ತನ್ನಿ. ಬಂದೊಡನೆ ತಿನಿಸು, ಮೆಚ್ಚುಗೆ. ಕೆಲವು ವಾರವಾದ ಮೇಲೆ ಹಗ್ಗ ನೆಲದಲ್ಲಿ ಎಳೆದುಕೊಂಡೇ ಇರಲಿ, ಆಮೇಲೆ ತೆಗೆಯಿರಿ. ಒಂದು ನಿಯಮ ಮಾತ್ರ ಮೀರಬಾರದು. ‘ಬಾ’ ಎಂದು ಕರೆದು ಎಂದೂ ಹೊಡೆಯಬೇಡಿ. ಕೋಳಿ ಹಿಡಿದು ಬಂದಿದ್ದರೂ, ಮೂರು ದಿನ ಕಾಣೆಯಾಗಿ ಬಂದಿದ್ದರೂ, ಕರೆದಾಗ ಬಂದದ್ದಕ್ಕೆ ಮೆಚ್ಚುಗೆಯೇ ಸಿಗಬೇಕು. ಕರೆದು ಹೊಡೆಯುವ ಯಜಮಾನನ ಹತ್ತಿರ ಆಳೂ ನಿಲ್ಲುವುದಿಲ್ಲ, ನಾಯಿಯೂ ನಿಲ್ಲುವುದಿಲ್ಲ.

‘ಕೂರು’ ಸುಲಭ. ತಿನಿಸನ್ನು ಮೂಗಿನ ಮುಂದಿನಿಂದ ತಲೆಯ ಮೇಲಕ್ಕೆ ಒಯ್ದರೆ ಹಿಂಭಾಗ ತಾನೇ ನೆಲಕ್ಕೆ ಊರುತ್ತದೆ. ಊರುವಾಗ ಮಾತು ಹೇಳಿ ತಿನಿಸು ಕೊಡಿ. ಕೂತಲ್ಲೇ ಒಂದು ಕ್ಷಣ, ಆಮೇಲೆ ಹತ್ತು ಕ್ಷಣ, ಆಮೇಲೆ ಒಂದು ನಿಮಿಷ ನಿಲ್ಲಿಸಿದರೆ ಅದು ‘ಇರು’. ಬೆಳಿಗ್ಗೆ ಆಳುಗಳು ಬರುವಾಗ, ಜೀಪು ಅಂಗಳಕ್ಕೆ ತಿರುಗುವಾಗ, ನೆಂಟರು ತಡಮೆ ದಾಟುವಾಗ ಈ ‘ಇರು’ ಎಷ್ಟು ಬೆಲೆಯುಳ್ಳದ್ದೆಂದು ತಿಳಿಯುತ್ತದೆ.

‘ಬಿಡು’ ಎಂಬುದು ಜೀವ ಉಳಿಸುವ ಮಾತು. ಅಡಿಕೆ ತೋಟದಲ್ಲಿ ಕೊಕ್ಕೊ ಇದ್ದವರು ಗಮನಿಸಬೇಕು. ಚಾಕಲೇಟಿನಲ್ಲಿ ನಾಯಿಗೆ ವಿಷವಾಗುವ ಥಿಯೊಬ್ರೋಮಿನ್ ಎಂಬ ಅಂಶ ಬರುವುದೇ ಕೊಕ್ಕೊ ಬೀಜದಿಂದ. ಅಂಗಳದಲ್ಲಿ ಒಣಗಿಸಿದ ಬೀಜವನ್ನು ನಾಯಿ ಮೆಲ್ಲಬಾರದು. ಇಲಿ ಪಾಷಾಣ, ಮೈಲುತುತ್ತ ಕದಡಿದ ಡ್ರಮ್ಮು, ಹಂದಿಗೆಂದು ಅಕ್ರಮವಾಗಿ ಇಟ್ಟ ಸಿಡಿಮದ್ದಿನ ಉಂಡೆ, ಇವೆಲ್ಲ ನಮ್ಮ ಸುತ್ತ ಇರುವಂಥವೇ. ಮುಚ್ಚಿದ ಮುಷ್ಟಿಯಲ್ಲಿ ತಿನಿಸು ಹಿಡಿದು ನಾಯಿ ಮೂಸಿ, ನೆಕ್ಕಿ, ಬೇಸತ್ತು ಮೂತಿ ಹಿಂತೆಗೆದಾಗ ‘ಬಿಡು’ ಎಂದು ಹೇಳಿ ಇನ್ನೊಂದು ಕೈಯಿಂದ ಬೇರೆ ತಿನಿಸು ಕೊಡಿ. ಬಿಟ್ಟರೆ ಇನ್ನೂ ಒಳ್ಳೆಯದು ಸಿಗುತ್ತದೆಂದು ಅದಕ್ಕೆ ತಿಳಿದರೆ ನೆಲದ ಮೇಲೆ ಕಂಡದ್ದನ್ನೂ ಬಿಡುತ್ತದೆ.

ಕೆಲವರ ಆಕ್ಷೇಪಗಳು

‘ನಾಯಿ ಬಾಲ ಡೊಂಕು, ಕಲಿಸಿದರೆ ನೆಟ್ಟಗಾದೀತೆ?’ ಎನ್ನುವವರಿದ್ದಾರೆ. ಬಾಲ ಡೊಂಕಾಗಿಯೇ ಇರಲಿ, ಅದರಿಂದ ನಮಗೇನೂ ನಷ್ಟವಿಲ್ಲ. ಕಲಿಸಿದವರಿಗೆ ನಾಯಿ ಏನನ್ನು ಕಲಿತು ತೋರಿಸಬಲ್ಲದೆಂಬುದಕ್ಕೆ ಬಂಡೀಪುರದಲ್ಲಿ ಅರಣ್ಯ ಸಿಬ್ಬಂದಿಯೊಂದಿಗೆ ದುಡಿದ ‘ರಾಣಾ’ ಎಂಬ ನಾಯಿಯೇ ಸಾಕ್ಷಿ. ‘ಅದು ಜಾತಿ ನಾಯಿ, ನಮ್ಮದು ಊರುನಾಯಿ’ ಎಂಬುದೂ ಹುರುಳಿಲ್ಲದ ಮಾತು. ನಮ್ಮ ಹವೆಗೆ ಒಗ್ಗಿದ, ಖರ್ಚಿಲ್ಲದ, ಚುರುಕು ಕಿವಿಯ ಊರುನಾಯಿ ಈ ನಾಲ್ಕು ಮಾತನ್ನು ಕಲಿಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಸಾವಿರಾರು ರೂಪಾಯಿ ಕೊಟ್ಟು ದಟ್ಟ ಕೂದಲಿನ ಸೀಮೆನಾಯಿ ತಂದು, ಮಳೆಗಾಲದಲ್ಲಿ ಚರ್ಮರೋಗಕ್ಕೆ ಮದ್ದು ಹಚ್ಚುತ್ತ ಕೂರುವುದಕ್ಕಿಂತ ಇದು ಲೇಸು.

‘ಮಾತು ಕೇಳುವ ನಾಯಿ ಸಾಧುವಾಗಿ ಕಾವಲಿಗೆ ಬಾರದು’ ಎಂಬುದು ಇನ್ನೊಂದು ಭಯ. ವಾಸ್ತವ ಇದಕ್ಕೆ ತಿರುವುಮುರುವು. ಹಗಲೆಲ್ಲ ಕಟ್ಟಿಹಾಕಿದ ನಾಯಿ ಎಲೆ ಉದುರಿದರೂ ಬೊಗಳುತ್ತದೆ. ಎಲ್ಲಕ್ಕೂ ಬೊಗಳುವ ನಾಯಿಯ ದನಿಗೆ ಯಜಮಾನ ಮಗ್ಗುಲು ಬದಲಿಸುತ್ತಾನೆಯೇ ಹೊರತು ಏಳುವುದಿಲ್ಲ. ಮೆಣಸು, ಅಡಿಕೆ ಕದಿಯುವವನಿಗೆ ಬೇಕಾದದ್ದೂ ಅದೇ. ಆಳು ಯಾರು, ಹೊರಗಿನವ ಯಾರು ಎಂಬ ತಿಳಿವಳಿಕೆಯಿರುವ ನಾಯಿ ಬೊಗಳಿದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ.

‘ಸಮಯವೆಲ್ಲಿದೆ?’ ಎನ್ನುವವರಿಗೆ ಒಂದು ಪ್ರಶ್ನೆ. ಕುಯ್ಲಿನ ನಡುವೆ ನಿಮ್ಮ ನಾಯಿ ಒಬ್ಬ ಆಳಿಗೆ ಕಚ್ಚಿದರೆ ಎಷ್ಟು ಸಮಯ ಹೋಗುತ್ತದೆ? ಇಂದು ಹಲವು ತೋಟಗಳಲ್ಲಿ ಹಣ್ಣು ಕುಯ್ಯುವವರು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು. ನಮ್ಮ ನಾಯಿಗೆ ಅವರ ಪರಿಚಯವಿಲ್ಲ, ಅವರಿಗೆ ನಾಯಿಯದಿಲ್ಲ. ಒಬ್ಬನಿಗೆ ಕಚ್ಚಿದ ಸುದ್ದಿ ಹರಡಿದರೆ ಮರುದಿನ ನಾಲ್ವರು ಪಕ್ಕದ ತೋಟಕ್ಕೆ ಹೋದಾರು. ಹೊಸ ತಂಡ ಬಂದ ಮೊದಲ ದಿನವೇ ನಾಯಿಯನ್ನು ಹಗ್ಗದಲ್ಲಿ ಹಿಡಿದು, ‘ಕೂರು, ಇರು’ ಎಂದು ಕೂರಿಸಿ, ದೂರದಿಂದಲೇ ಪರಿಚಯ ಮಾಡಿಸುವುದು ಹತ್ತು ನಿಮಿಷದ ಕೆಲಸ.

ಕಾಯಿದೆಯೂ ಚುಚ್ಚುಮದ್ದೂ

ಕಾಯಿದೆಯ ಮಾತನ್ನೂ ಹೇಳಿಬಿಡಬೇಕು. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಅಪರಾಧ. ನಾಯಿಯನ್ನು ಛೂ ಬಿಟ್ಟು ಕಾಡುಪ್ರಾಣಿಯನ್ನು ಅಟ್ಟಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂದೇ ಗಣನೆ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನ ಮೇಲೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಮೊಕದ್ದಮೆ ಹೂಡಬಹುದು. ‘ನಮ್ಮ ತೋಟ, ನಮ್ಮ ನಾಯಿ’ ಎಂದರೆ ನಡೆಯುವುದಿಲ್ಲ.

ಎಷ್ಟೇ ಕಲಿಸಿದರೂ ಹುಚ್ಚುನಾಯಿ ರೋಗಕ್ಕೆ ಕಲಿಕೆ ಮದ್ದಲ್ಲ. ಮರಿಗೆ ಮೂರು ತಿಂಗಳಾದಾಗ ಚುಚ್ಚುಮದ್ದು ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮತ್ತೆ ಹಾಕಿಸಬೇಕು. ಜಂತಿನ ಮದ್ದನ್ನೂ ಮರೆಯಬಾರದು. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಕಾಫಿಪುಡಿ, ನಾಟಿ ಸೊಪ್ಪು ಹಚ್ಚುತ್ತ ಕೂರಬಾರದು. ಹೊಕ್ಕುಳ ಸುತ್ತ 14 ಸೂಜಿಯ ಕಾಲ ಎಂದೋ ಮುಗಿಯಿತು, ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಉಳಿಯುವ ಆಸೆಯೇ ಇಲ್ಲವೆನ್ನಬೇಕು.

ಸಂಘಕ್ಕೊಂದು ಸೂಚನೆ

ನಮ್ಮ ಸಹಕಾರ ಸಂಘಗಳ ಮಹಾಸಭೆಗಳು ಹೆಚ್ಚಾಗಿ ಸೆಪ್ಟೆಂಬರಿನಲ್ಲೇ ನಡೆಯುತ್ತವೆ. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ಜಗತ್ತಿನಲ್ಲೆಲ್ಲ ರೇಬೀಸ್ ವಿರುದ್ಧದ ದಿನವಾಗಿ ಆಚರಣೆಯಲ್ಲಿದೆ. ಪಶುವೈದ್ಯ ಇಲಾಖೆಯ ನೆರವಿನೊಂದಿಗೆ ಆ ವಾರದಲ್ಲೇ ಸಂಘದ ಗೋದಾಮಿನ ಅಂಗಳದಲ್ಲಿ ಸದಸ್ಯರ ನಾಯಿಗಳಿಗೂ ಲೈನುಮನೆಯವರ ನಾಯಿಗಳಿಗೂ ಚುಚ್ಚುಮದ್ದಿನ ಶಿಬಿರ ಇಡಬಹುದು. ಕುಯ್ಲು ಹತ್ತಿರವಾಗುವ ಕಾಲ ಅದು, ಸಮಯವೂ ಒಪ್ಪುತ್ತದೆ. ಬಂದ ನಾಯಿಗಳು ಅಂಗಳದಲ್ಲಿ ಹೇಗೆ ನಡೆದುಕೊಳ್ಳುತ್ತವೆಂದು ನೋಡಿದರೆ, ಯಾರ ಮನೆಯಲ್ಲಿ ಯಾರು ಯಾರ ಮಾತು ಕೇಳುತ್ತಾರೆಂಬುದೂ ಸದಸ್ಯರಿಗೆಲ್ಲ ತಿಳಿದೀತು.

ಗಿಡಕ್ಕೆ ನೆರಳು ಎಷ್ಟು ಬೇಕು, ನೀರು ಯಾವಾಗ ಬೇಕು ಎಂದು ಗಿಡ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ನಾವು ತಿಳಿದುಕೊಂಡಿದ್ದೇವೆ. ನಮ್ಮ ಕಣ್ಣನ್ನೇ ನೋಡುತ್ತ ಅಂಗಳದಲ್ಲಿ ಕೂತಿರುವ ಪ್ರಾಣಿಗೆ ನಾಲ್ಕು ಮಾತು ಕಲಿಸುವುದು ಅದಕ್ಕಿಂತ ಕಷ್ಟವಲ್ಲ. ಈ ವರ್ಷ ಹೊಸ ಮರಿ ತರುವವರು ಸರಪಳಿ ಕೊಳ್ಳುವ ಮೊದಲು ಹಿತ್ತಿಲಲ್ಲಿ ಒಂದು ಮೂಲೆ ಗೊತ್ತುಮಾಡಲಿ. ಹಳೆಯ ನಾಯಿಯಿದ್ದವರು ಅದು ಮುದಿಯಾಯಿತೆಂದು ಕೈಬಿಡದೆ, ಇವತ್ತಿನ ಸಂಜೆಯ ಊಟಕ್ಕೆ ಮೊದಲು ಒಮ್ಮೆ ‘ಬಾ’ ಎಂದು ಮೆಲ್ಲಗೆ ಕರೆದು ನೋಡಲಿ.